ನಡುವೆ ಒಂದು ಹೊಳೆ ಇದೆ, ನಿರ್ದೇಶಕರೇ

ಪುನಶ್ಚೇತನ ಕೇಂದ್ರಗಳ ಮಾನ್ಯ ನಿರ್ದೇಶಕರೇ,

ನಮ್ಮ ಮನೆಗೂ ನಿಮ್ಮ ಕೇಂದ್ರಕ್ಕೂ ನಡುವಿನ ದೂರ 1.84 ಕಿಲೋಮೀಟರ್ ಎಂದು ನಿಮ್ಮ ಕಂಪ್ಯೂಟರ್ ಲೆಕ್ಕ ಹಾಕಿತು. ಆ ಲೆಕ್ಕವನ್ನು ನಂಬಿ ನನ್ನ ಅಪ್ಪನನ್ನು ಅಲ್ಲಿ ಸೇರಿಸಿಕೊಂಡಿರಿ. ಅದೇ ಲೆಕ್ಕವನ್ನು ನಂಬಿ, ಅವರು ನಡೆಯಲು ಕಲಿಯುವ ಮೊದಲೇ ಹೊರಗೆ ಕಳಿಸಿದಿರಿ. ಎರಡು ಸಲವೂ ಲೆಕ್ಕ ತಪ್ಪಿರಲಿಲ್ಲ ಎನ್ನುವುದೇ ನನ್ನ ದೂರು.

ಅಪ್ಪ ಕ್ಷೌರಿಕರು. ಮಾತಿಲ್ಲದೆ ಕತ್ತರಿ ಆಡಿಸಿದವರಲ್ಲ. ಗಿರಾಕಿಯ ತಲೆ ಮುಗಿದರೂ ಅವರ ಕಥೆ ಮುಗಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯಲ್ಲೇ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕೆಲವು ವಾರ ಸರಿಯಾಗಿ ವ್ಯಾಯಾಮ ಮಾಡಿಸಿದರೆ ನಡೆಯುತ್ತಾರೆ ಎಂದು ಆಸ್ಪತ್ರೆಯ ವೈದ್ಯರು ನಿಮಗೆ ಬರೆದುಕೊಟ್ಟರು. ನಮ್ಮ ದಡದಲ್ಲೇ, ಏಳು ಕಿಲೋಮೀಟರ್ ಆಚೆ ನಿಮ್ಮದೊಂದು ಕೇಂದ್ರವಿದೆ. ಮನೆ ಮುಂದಿನಿಂದಲೇ ಬಸ್ಸು, ಆವತ್ತು ಹಾಸಿಗೆಯೂ ಖಾಲಿ ಇತ್ತು. ಆದರೆ ಏಳಕ್ಕಿಂತ 1.84 ಚಿಕ್ಕದಲ್ಲವೇ? ಹಾಗಾಗಿ ಅಪ್ಪನಿಗೆ ಸಿಕ್ಕಿದ್ದು ಹೊಳೆಯಾಚೆಯ ಕೇಂದ್ರ. ಇಲ್ಲಿ ದೋಣಿ ನಿಂತು ಎಷ್ಟೋ ವರ್ಷವಾಯಿತು. ಸೇತುವೆ ಇರುವುದು ತೀರಾ ಮೇಲ್ಗಡೆ. ಎರಡು ಬಸ್ಸು ಬದಲಿಸಿ ಸುತ್ತಿಕೊಂಡು ಹೋದರೆ ಅರವತ್ತು ಕಿಲೋಮೀಟರ್, ಎರಡೂವರೆ ಗಂಟೆ.

ಏನೋ ಎಡವಟ್ಟಾಗಿದೆ ಅಂದುಕೊಂಡು ನಿಮ್ಮ ಕಚೇರಿಗೆ ಬಂದೆ. ಕಂಪ್ಯೂಟರ್ ವಿಭಾಗದ ಅಧಿಕಾರಿ ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿ ಪರದೆ ತೋರಿಸಿದರು. ನಮ್ಮ ಮನೆಯ ಅಕ್ಷಾಂಶ, ರೇಖಾಂಶ. ಕೇಂದ್ರದ ಅಕ್ಷಾಂಶ, ರೇಖಾಂಶ. ದಶಮಾಂಶ ಬಿಂದುವಿನ ಬಲಕ್ಕೆ ಆರಾರು ಅಂಕಿ. ಅದರ ಕೆಳಗೆ ಸೈನು, ಕೊಸೈನು, ಭೂಮಿಯ ತ್ರಿಜ್ಯ.

"ನೋಡಿ ಮೇಡಂ, ಭೂಮಿ ಗುಂಡಗಿರೋದನ್ನೂ ಲೆಕ್ಕಕ್ಕೆ ತಗೊಂಡಿದ್ದೀವಿ" ಎಂದರು.

"ಹೊಳೆ ತಗೊಂಡಿದ್ದೀರಾ?"

ಅವರು ಪರದೆಯನ್ನು ಮೇಲಿಂದ ಕೆಳಗೆ ಸರಿಸಿ ನೋಡಿದರು. "ಹೊಳೆಗೆ ಜಾಗ ಇಟ್ಟಿಲ್ಲ ಇದರಲ್ಲಿ."

ನಾನು ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಬೇಕಾದಷ್ಟೇ ಬಾಗುವಂತೆ ತಿಕ್ಕುವವಳು; ಬಾಗನ್ನು ಹಗುರವಾಗಿ ಕಾಣುವವಳಲ್ಲ. ಆದರೆ ಇಷ್ಟು ಹತ್ತಿರದಲ್ಲಿ ಭೂಮಿ ಬಾಗುವುದರಿಂದ ದೂರ ಕೂದಲೆಳೆಯಷ್ಟೂ ಹೆಚ್ಚಾಗುವುದಿಲ್ಲವೆಂದು ಅವರೇ ಒಪ್ಪಿಕೊಂಡರು. ಅದಕ್ಕೆ ಇಷ್ಟೊಂದು ಗೌರವ, ಕಣ್ಣೆದುರು ಹರಿಯುವ ನೀರಿಗೆ ಒಂದು ಸಾಲೂ ಇಲ್ಲ. ಇದು ಯಾವ ಶಿಸ್ತು, ಮಾನ್ಯರೇ? ಲಿಖಿತ ಮನವಿ ಕೊಟ್ಟೆ. "ದೂರವನ್ನು ಮರುಪರಿಶೀಲಿಸಲಾಗಿದೆ, 1.84 ಸರಿಯಾಗಿದೆ" ಎಂದು ಉತ್ತರ ಕೊಟ್ಟಿರಿ. ಸರಿಯಾಗಿಯೇ ಇದೆ. ಬಾತುಕೋಳಿಯನ್ನು ಕೇಳಿದರೂ ಅದೇ ಹೇಳೀತು.

ಇಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆವು. ಆದರೆ ಐದು ಕಿಲೋಮೀಟರ್ ಒಳಗಿನ ಮನೆಯವರು ದಿನಾ ಬೆಳಿಗ್ಗೆ ಎಂಟಕ್ಕೆ ಬಂದು, ರೋಗಿಯನ್ನು ಎಬ್ಬಿಸುವುದು, ನಡೆಸುವುದು, ಮೆಟ್ಟಿಲು ಇಳಿಸುವುದು ಕಲಿಯಬೇಕೆಂಬುದು ನಿಮ್ಮ ನಿಯಮ. ಒಳ್ಳೆಯ ನಿಯಮವೇ. ಅಮ್ಮ ಮೊದಲ ಬಸ್ಸಿಗೇ ಹೊರಡುತ್ತಿದ್ದಳು. ತಲುಪುವಷ್ಟರಲ್ಲಿ ಒಂಬತ್ತು ದಾಟಿರುತ್ತಿತ್ತು, ಪಾಠ ಮುಗಿದಿರುತ್ತಿತ್ತು. "ಇಲ್ಲೇ ಅಲ್ವಾ ನಿಮ್ಮನೆ? ನಾಳೆಯಾದ್ರೂ ಬೇಗ ಬನ್ನಿ" ಎನ್ನುತ್ತಿದ್ದರು ದಾದಿ. ಕಿಟಕಿಯಿಂದ ನಮ್ಮ ತಾರಸಿ ಕಾಣುತ್ತಿತ್ತಂತೆ. ಪಾಪ, ಅವರ ತಪ್ಪೇನು?

ಕೊನೆಗೆ ನೋಟಿಸು ಬಂತು: ಕುಟುಂಬವು ನಿರಾಸಕ್ತವಾಗಿರುವುದರಿಂದ ಹಾಸಿಗೆಯನ್ನು ಬೇರೆಯವರಿಗೆ ಕೊಡಲಾಗುವುದು. ಅಮ್ಮನಿಗೆ ಓದಿ ಹೇಳಿದೆ.

"ನಿರಾಸಕ್ತ ಅಂದ್ರೆ ಏನೇ?"

"ಮನಸ್ಸಿಲ್ಲದವರು ಅಂತ, ಅಮ್ಮ."

"ಯಾರು ಬರೆದಿದ್ದು?"

"ಕಂಪ್ಯೂಟರು."

"ಅದಕ್ಕೆ ಮದುವೆ ಆಗಿದ್ಯಾ?" ಎಂದಳು. ನನಗೆ ನಗು ಬಂತು, ಅವಳು ನಗಲಿಲ್ಲ. ಎದ್ದು ಹೋಗಿ ಅಪ್ಪನ ಮಂಚಕ್ಕೆ ಹಾಸಿಗೆ ಹಾಸಿದಳು.

ಅಪ್ಪನನ್ನು ನಿಮ್ಮ ಆಂಬುಲೆನ್ಸೇ ಕರೆತಂದಿತು. ಕಾಯ್ದು ಕಾಯ್ದು ಮಧ್ಯಾಹ್ನವಾಯಿತು. ಇಳಿದ ಚಾಲಕ ಸೊಂಟ ಹಿಡಿದುಕೊಂಡು ನಿಂತ. "ಎರಡು ಕಿಲೋಮೀಟರ್ ಅಂತ ಬರೆದುಕೊಟ್ಟಿದ್ರು. ಹಿಂಗೋಗಿ ಹಂಗೆ ಬರ್ತೀನಿ ಅಂತ ಮನೇಲಿ ಹೇಳಿ ಬಂದಿದ್ದೆ" ಎಂದ. ನಿಮ್ಮ ಇಲಾಖೆಯಲ್ಲಿ ಈ ದೂರವನ್ನು ಚಕ್ರದ ಮೇಲೆ ಅಳೆದ ಏಕೈಕ ವ್ಯಕ್ತಿ ಅವನು. ಅವನ ವರದಿ ನಿಮಗೆ ಬಂದಿದೆಯೇ? ಅಥವಾ ಅವನೂ ನಿರಾಸಕ್ತ ಚಾಲಕನೋ?

ಈಗ ಕೇಳುವುದು ಇಷ್ಟೇ. ನಮ್ಮ ದಡದ ಕೇಂದ್ರದಲ್ಲಿ ಅಪ್ಪನಿಗೆ ಹಾಸಿಗೆ ಕೊಡಿ. "ಒಮ್ಮೆ ಬಿಡುಗಡೆಯಾದವರಿಗೆ ಮರುಪ್ರವೇಶವಿಲ್ಲ" ಎನ್ನಬೇಡಿ. ಮುಂದೆ ಯಾರನ್ನೇ ಎಲ್ಲಿಗೇ ಕಳಿಸುವ ಮುನ್ನ, ಮನೆಯವರು ಅಲ್ಲಿಗೆ ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆಂದು ನಿಮ್ಮ ಕಂಪ್ಯೂಟರಿಗೆ ಕೇಳಲು ಕಲಿಸಿ. ಮೂರನೆಯದು ಅಮ್ಮನ ಬೇಡಿಕೆ: ಕಡತದಿಂದ ಆ ಪದ ಹೊಡೆದುಹಾಕಬೇಕು, ಹೊಡೆದುಹಾಕಿದ್ದನ್ನು ಅವಳಿಗೆ ತೋರಿಸಬೇಕು.

ನಿನ್ನೆ ಅಪ್ಪ ನಮ್ಮಿಬ್ಬರನ್ನು ಹಿಡಿದುಕೊಂಡು ಹೊಸ್ತಿಲವರೆಗೆ ನಡೆದರು. ಬೀದಿಯತ್ತ ನೋಡಿ ಬಹಳ ಕಷ್ಟಪಟ್ಟು "ಅಂಗಡಿ" ಎಂದರು. ಕೆಳಗೆ ಮೂರು ಮೆಟ್ಟಿಲಿವೆ. ಇಳಿಸುವುದು ಹೇಗೆಂದು ನಮಗೆ ಗೊತ್ತಿಲ್ಲದೆ, ಮೂವರೂ ಅಲ್ಲೇ ನಿಂತಿದ್ದು ಒಳಗೆ ಬಂದೆವು.

ಇಂತಿ,
ಸದ್ಯಕ್ಕೆ ಅಪ್ಪನ ಬಲ ಮಗ್ಗುಲಿಗೆ ನಿಂತಿರುವ
ಮಗಳು