ತೊಳೆಯುವ ಕೋಣೆಯ ಕಿಟಕಿ

ಕಾರ್ಮಿಕರ ಆರೋಗ್ಯ ಮಂಡಳಿಯ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಹೆಂಡತಿ ಸೋಮವಾರದಿಂದ ಕಾರ್ಖಾನೆಯ ಅದೇ ತೊಳೆಯುವ ಕೋಣೆಗೆ ಕೆಲಸಕ್ಕೆ ಹೋಗಬೇಕೆಂದು ತಾವು ಆದೇಶಿಸಿದ್ದೀರಿ. ಅವಳ ಯಕೃತ್ತನ್ನು, ಎಂದರೆ ನಾವು ಲಿವರ್ ಅನ್ನುವುದನ್ನು, ಅವಳ ದೇಹವೇ ಹಾಳುಮಾಡುತ್ತಿದೆ, ಆದ್ದರಿಂದ ಕಾರ್ಖಾನೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ತಮ್ಮ ತೀರ್ಮಾನ. ರಜೆಯಲ್ಲಿ ಅವಳು ಚೇತರಿಸಿಕೊಂಡದ್ದನ್ನೂ ತಾವು ಗಮನಿಸಿದ್ದೀರಿ, ಸಂತೋಷ. ಕೆಲಸಕ್ಕೆ ಹೋದಾಗ ಕಾಯಿಲೆ, ಮನೆಯಲ್ಲಿದ್ದಾಗ ಗುಣ. ಇದರಿಂದ ಅವಳು ಕೆಲಸಕ್ಕೆ ಯೋಗ್ಯಳೆಂದು ಕಂಡುಕೊಂಡ ತಮ್ಮ ಜಾಣತನಕ್ಕೆ ಏನು ಹೇಳಲಿ?

ಆ ಕೋಣೆಯನ್ನು ತಾವು ನೋಡಿಲ್ಲ, ನಾನೇ ಹೇಳುತ್ತೇನೆ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಅಲ್ಲಿ ತೊಟ್ಟಿ ತುಂಬ ದ್ರಾವಕ ಕಾಯಿಸುತ್ತಾರೆ. ಮೇಲೇಳುವ ಆವಿಗೆ ಸಿಹಿ ವಾಸನೆ. ನನ್ನವಳ ಕೆಲಸ ದಿನವಿಡೀ ಬಿಡಿಭಾಗ ತುಂಬಿದ ಜಾಲರಿ ಬುಟ್ಟಿಯನ್ನು ಅದರಲ್ಲಿ ಇಳಿಸುವುದು, ಎತ್ತುವುದು. ಇದ್ದದ್ದು ಒಂದೇ ಕಿಟಕಿ. ತೊಳೆದ ಬಿಡಿಭಾಗಗಳ ಮೇಲೆ ಧೂಳು ಕೂರುತ್ತದೆಂದು ಮೇಲ್ವಿಚಾರಕರು ಅದಕ್ಕೂ ಹಲಗೆ ಹೊಡೆಸಿದರು. ಕಬ್ಬಿಣದ ಮೇಲೆ ಎಂಥ ಅಕ್ಕರೆ ನೋಡಿ. ಅವಳು ಮನೆಗೆ ಬಂದರೆ ಕೂದಲಲ್ಲೂ ಅದೇ ವಾಸನೆ. "ನಿನ್ನ ಪಕ್ಕ ಕೂತ್ರೆ ನಂಗೂ ಅಮಲೇರತ್ತೆ ಮಾರಾಯ್ತಿ" ಎಂದು ರೇಗಿಸುತ್ತಿದ್ದೆ. ಅವಳ ಕಣ್ಣು ಹಳದಿಯಾದ ಮೇಲೆ ಆ ತಮಾಷೆ ನಿಂತುಹೋಯಿತು.

ನಾನು ವಸತಿ ಕಟ್ಟಡವೊಂದರ ಗೇಟಿನ ಕಾವಲುಗಾರ. ಅದನ್ನು ತಿಳಿದ, ಅವಳಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು: "ನಿಮ್ಮ ಕಟ್ಟಡದವರೇ ಒಬ್ರು ಮುಖಕ್ಕೆಲ್ಲ ಬಣ್ಣ ಮೆತ್ಕೊಂಡು ಬಂದ್ರೆ ಒಳಗೆ ಬಿಡ್ತೀರಾ?"

"ಎಲ್ಲಿ ಬಿಡೋದು ಮೇಡಂ, ಕೊರಳಪಟ್ಟಿ ಹಿಡೀತೀನಿ."

"ಇವರ ಮೈಯಲ್ಲೂ ಹಾಗೇ ಆಗಿರಬಹುದು. ಆ ಆವಿ ಒಳಗೆ ಹೋಗಿ, ಲಿವರಿನಲ್ಲಿ ಒಡೆದು, ಇವರದೇ ಪ್ರೋಟೀನುಗಳಿಗೆ ಅಂಟ್ಕೊಳ್ಳತ್ತೆ. ಮೈ ಕಾಯೋ ಕಣಗಳಿಗೆ ಅವುಗಳ ಗುರುತು ಸಿಗಲ್ಲ. ಯಾರೋ ಹೊರಗಿನವರು ಅಂತ ಮೇಲೆ ಬೀಳ್ತವೆ. ಒಂದ್ಸಲ ಅನುಮಾನ ಹೊಕ್ಕಿತು ಅಂದ್ರೆ, ಬಣ್ಣ ಇಲ್ಲದವರನ್ನೂ ಬಿಡದೇ ಇರಬಹುದು."

"ಇದೇ ಕಾರಣ ಅಂತ ಹೇಳ್ತೀರಾ?"

"ನೂರಕ್ಕೆ ನೂರು ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಇವರು ನನ್ನ ತಂಗಿಯಾಗಿದ್ರೆ ಆ ಕೋಣೆಗೆ ಕಳಿಸ್ತಿರಲಿಲ್ಲ."

ಮಾನ್ಯರೇ, ಇದನ್ನೇ ಅವರು ವರದಿಯಲ್ಲಿ ಬರೆದು ಕಳಿಸಿದರೂ ತಮಗೆ ಕಂಡದ್ದು ನೂರಕ್ಕೆ ನೂರಲ್ಲ ಎಂಬುದಷ್ಟೇ. ಅವಳ ಮೈಯ ಕಾವಲಿನವನು ಮನೆಯವರನ್ನೇ ಹೊಡೆದ, ಒಪ್ಪಿಕೊಂಡೆ. ಆ ಮುಖಕ್ಕೆ ಬಣ್ಣ ಬಳಿದವರು ಯಾರು? ಅವರನ್ನು ಒಂದು ಮಾತು ಕೇಳುವುದಕ್ಕೂ ತಮಗೆ ಪುರುಸೊತ್ತಿಲ್ಲವೇ? ಅಥವಾ ತಪ್ಪೆಲ್ಲವನ್ನೂ ಕಾಯಿಲೆಯವಳ ಮೈಮೇಲೆ ಹೊರಿಸಿದರೆ ಎಲ್ಲರಿಗೂ ಆರಾಮವೇ?

ನನಗೆ ಭಯವಾಗಿದೆ, ಮುಚ್ಚಿಡುವುದೇನು. ಕೆಲಸ ಬಿಟ್ಟುಬಿಡು ಎಂದು ಅವಳಿಗೆ ಹೇಳಿದೆ. "ಬಿಟ್ರೆ ನನ್ನ ಜಾಗಕ್ಕೆ ಇನ್ನೊಬ್ಳನ್ನ ತಂದು ನಿಲ್ಲಿಸ್ತಾರೆ, ಅಷ್ಟೇ" ಎಂದಳು. "ನೀವು ಬರೆಯೋದಾದ್ರೆ ಮೊದಲು ಆ ಕಿಟಕಿ ತೆಗೆಸಿ ಅಂತ ಬರೀರಿ. ನನ್ನ ವಿಷಯ ಆಮೇಲೆ."

ಹಾಗೆಯೇ ಬರೆದಿದ್ದೇನೆ. ಹಲಗೆ ಕೀಳಿಸಿ, ಆವಿ ಹೊರಗೆ ಹೋಗುವ ವ್ಯವಸ್ಥೆ ಮಾಡಿಸಿ, ಆ ದ್ರಾವಕವನ್ನೇ ಬದಲಿಸಲು ಹೇಳಿ. ಅಲ್ಲಿಯವರೆಗೆ ಅವಳ ಮೇಲಿನ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಆಗುವುದಿಲ್ಲವೆಂದಾದರೆ ಸೋಮವಾರ ತಾವೇ ದಯಮಾಡಿಸಿ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಅವಳ ಪಕ್ಕ ಒಂದು ಪಾಳಿ ನಿಂತು, ಆಮೇಲೆ ತಪ್ಪು ನಿನ್ನ ದೇಹದ್ದೇ ಎಂದು ಅವಳಿಗೆ ಹೇಳಿ.

ಇಂತಿ,
ಕಂಡವರ ಬಾಗಿಲನ್ನೆಲ್ಲ ಕಾಯುತ್ತ, ಸೋಮವಾರ ತನ್ನ ಹೆಂಡತಿಯನ್ನು ಆ ಬಾಗಿಲೊಳಗೆ ಬಿಟ್ಟು ಬರಬೇಕಾದ
ಒಬ್ಬ ಕಾವಲುಗಾರ