ಬೀರುವಿನ ಹಿಂದಿನ ಬಾಗಿಲು

ಮಾರ್ಚ್ ೪, ಮಂಗಳವಾರ

ಎರಡನೇ ವರ್ಷದ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಡಿಸ್ಕ್ರೀಟ್ ಮ್ಯಾಥ್ಸ್. ಗ್ರಾಫ್ ಪಾಠ ಮುಗಿಯಿತು. ಬೋರ್ಡಿನ ತುಂಬ ಚುಕ್ಕಿ, ಚುಕ್ಕಿಗಳ ನಡುವೆ ಗೆರೆ.

ಪ್ರತಿವರ್ಷದ ಅಸೈನ್‌ಮೆಂಟೇ ಈ ಸಲವೂ. ನಮ್ಮ ಕಟ್ಟಡದ ನೆಲಮಹಡಿಯ ಕಾರಿಡಾರ್‌ಗಳನ್ನು, ಒಂದನ್ನೂ ಬಿಡದೆ, ಯಾವುದರಲ್ಲೂ ಎರಡನೇ ಸಲ ಕಾಲಿಡದೆ, ನಡೆದು ಮುಗಿಸಲಾದೀತೇ? ಉತ್ತರ: ಆಗದು. ಬೆಸಸಂಖ್ಯೆಯ ದಾರಿಗಳು ಕೂಡುವ ಮೂಲೆಗಳು ಎರಡಕ್ಕಿಂತ ಹೆಚ್ಚಿದ್ದರೆ ಆಗದು. ನಮ್ಮಲ್ಲಿ ನಾಲ್ಕಿವೆ.

ಖಾಲಿ ಕ್ಲಾಸಿನಲ್ಲಿ ಸ್ವಲ್ಪ ಹೊತ್ತು ಕೂತೆ. ಸೀಮೆಸುಣ್ಣದ ಧೂಳು ಬಿಸಿಲಲ್ಲಿ ನಿಂತೇ ಇತ್ತು, ಇಳಿಯಲು ಮನಸ್ಸಿಲ್ಲದ ಹಾಗೆ.

ಮಾರ್ಚ್ ೬, ಗುರುವಾರ

ನಮ್ಮ ವಿಭಾಗದ ಎಚ್.ಒ.ಡಿ. ಕರೆಸಿದ್ದರು. ಬರುವ ವರ್ಷದಿಂದ ನನ್ನ ಪಾಠದ ಬದಲು ಹೊರಗಿನಿಂದ ತರಿಸಿದ ವಿಡಿಯೊ ಹಾಕುವ ಆಲೋಚನೆ. ಹದಿನಾಲ್ಕಕ್ಕೆ ಅದನ್ನು ತೀರ್ಮಾನಿಸುವ ಕಮಿಟಿ. ಒಳ್ಳೆಯವರೇ, ಟೀ ಕೊಟ್ಟು ಹೇಳಿದರು. "ಈ ಪ್ರೂಫ್ ಗೀಫ್ ಈಗ ಯಾರಿಗೆ ಬೇಕು ಹೇಳಿ ಮೇಡಂ?"

ಉತ್ತರ ಹೊಳೆದದ್ದು ಬಸ್ಸಿನಲ್ಲಿ. ಈಗ ಅದೂ ಮರೆತಿದೆ.

ಮಾರ್ಚ್ ೧೧, ಮಂಗಳವಾರ

ಅಸೈನ್‌ಮೆಂಟ್ ತಿದ್ದಿದೆ. ಎಲ್ಲರದೂ ಒಂದೇ ನಕ್ಷೆ — ಸೀನಿಯರ್‌ಗಳಿಂದ ಇಳಿದು ಬಂದದ್ದು. ಇರಲಿ, ವಾದ ಸರಿ. ಪೂರ್ಣ ಅಂಕ.

ಒಬ್ಬಳು ಮಾತ್ರ 'ಆಗುತ್ತದೆ' ಎಂದು ಬರೆದು, ಹಾಳೆ ತುಂಬ ಬಳ್ಳಿಯಂಥ ಒಂದು ಗೆರೆ ಎಳೆದಿದ್ದಾಳೆ. ಸದಾ ಹೊರಗೆ ನೋಡುತ್ತ ಕೂರುವವಳು. ಮನಸ್ಸಿನಲ್ಲೇ ಅವಳಿಗೆ ಕಿಟಕಿ ಎಂದು ಹೆಸರಿಟ್ಟಿದ್ದೇನೆ. ಸೊನ್ನೆ. ಅಂಕ ಕಂಪ್ಯೂಟರಿಗೆ ಏರಿಸಿಯೂ ಆಯಿತು. ಇದರಿಂದ ಅವಳ ಇಂಟರ್ನಲ್ಸ್ ಕಡಿಮೆಯಾಗಿ, ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಹೋಗುತ್ತದೆ.

ಮಾರ್ಚ್ ೧೨, ಬುಧವಾರ, ಸಂಜೆ

ಕಿಟಕಿ ಬಂದಿದ್ದಳು. ಅಳಲಿಲ್ಲ, ಬೇಡಲಿಲ್ಲ.

"ನಾನು ನಡೆದೇ ಬರೆದದ್ದು ಮೇಡಂ."

ನಡೆಯುವುದು ಪ್ರೂಫ್ ಅಲ್ಲ ಎಂದೆ.

"ಹೌದು ಮೇಡಂ. ಆದ್ರೆ ನಡೆದಿದ್ದೀನಲ್ಲ."

ಎಲ್ಲರೂ ಹೋದ ಮೇಲೆ ಅವಳ ಹಾಳೆ ಹಿಡಿದು ಹೊರಟೆ. ಲೈಬ್ರರಿ ಬಾಗಿಲಿನಿಂದ. ಲ್ಯಾಬಿನ ಮೂಲೆಯಲ್ಲಿ ನಿಂತುಬಿಟ್ಟೆ. ಅಲ್ಲಿ ಗೋಡೆಗೆ ಒರಗಿ ಸದಾ ಇರುತ್ತಿದ್ದ ಕಬ್ಬಿಣದ ದೊಡ್ಡ ಬೀರು ಇರಲಿಲ್ಲ. ಅದು ಇದ್ದಲ್ಲಿ ತೆರೆದ ಬಾಗಿಲು, ಅದರಾಚೆ ಪುಟ್ಟ ಕಾರಿಡಾರ್. ಹಸಿ ಸುಣ್ಣದ ವಾಸನೆ. ಇನ್ನಾರದೋ ಮನೆಯದೆನ್ನಿಸುವ ಬೆಳಕು. ರಜೆಯಲ್ಲಿ ರಿಪೇರಿ ನಡೆದಾಗ ತೆರೆದದ್ದಂತೆ, ವಾಚ್‌ಮನ್ ಹೇಳಿದ. ನನ್ನದು ಯಾವಾಗಲೂ ಗೇಟು, ಮೆಟ್ಟಿಲು, ಕ್ಲಾಸು — ಈ ಕಡೆ ವರ್ಷಗಳಿಂದ ಬಂದೇ ಇರಲಿಲ್ಲ.

ನನ್ನ ನಾಲ್ಕು ಬೆಸ ಮೂಲೆಗಳಲ್ಲಿ ಎರಡನ್ನು ಆ ಕಾರಿಡಾರ್ ಸೇರಿಸುತ್ತದೆ. ಉಳಿದವು ಎರಡೇ. ಒಂದರಲ್ಲಿ ಹೊರಟರೆ ಇನ್ನೊಂದರಲ್ಲಿ ಮುಗಿಯಬೇಕು. ನಡೆದೆ. ಯಾವ ದಾರಿಯೂ ಮರುಕಳಿಸಲಿಲ್ಲ. ಕಟ್ಟಡವೇ ನನ್ನನ್ನು ಕೈಯಿಂದ ಕೈಗೆ ದಾಟಿಸಿದಂತೆ... ಕೊನೆಗೆ ಸೈಕಲ್ ಸ್ಟ್ಯಾಂಡ್. ನನ್ನ ಚೀಲ ಹೊರಟ ಲೈಬ್ರರಿ ಬಾಗಿಲಲ್ಲೇ ಉಳಿದಿತ್ತು.

ಏನೋ ಒಂದು 'ಇದೆ' ಎನ್ನಲು ಅದನ್ನು ತೋರಿಸಿದರೆ ಸಾಕು, ಅದೇ ಪ್ರೂಫ್ — ಮೊದಲ ವಾರದಲ್ಲಿ ನಾನೇ ಹೇಳಿಕೊಟ್ಟದ್ದು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಪಾತ್ರೆ ಒರೆಸುತ್ತ ನಕ್ಕಳು. "ಮನೇಲಿ ಸಕ್ಕರೆ ಡಬ್ಬ ಎಲ್ಲಿದೆ ಗೊತ್ತಿಲ್ಲ, ಊರಿಗೆಲ್ಲ ದಾರಿ ಹೇಳ್ತೀಯ." ಆಮೇಲೆ ಮೆಲ್ಲಗೆ, "ಆ ಹುಡುಗಿ ಕಥೆ ಏನಾಗುತ್ತೆ?"

ಮಾರ್ಚ್ ೧೩, ಗುರುವಾರ, ಬೆಳಿಗ್ಗೆ

ಕನಸಿನಲ್ಲಿ ಬಾಗಿಲಿನ ಹಿಂದೆ ಬಾಗಿಲು. ಎದುರಾದವರೆಲ್ಲ ಚುಕ್ಕಿಗಳು, ಹತ್ತಿರ ಹೋದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಪರೀಕ್ಷೆಗೆ ಅರ್ಹರಾದವರ ಹೆಸರು ಇಂದು ಸಂಜೆ ಹಾಕುತ್ತಾರೆ. ಅಂಕ ಬದಲಿಸಲು ಎಚ್.ಒ.ಡಿ. ಸಹಿ ಬೇಕು, ಕಾರಣ ಬರೆಯಬೇಕು. ಕಾರಣ ಒಂದೇ: ಪ್ರಶ್ನೆ ಕೇಳಿದವಳಿಗೇ ಉತ್ತರ ತಪ್ಪಿತ್ತು. ಅದೂ ಕಮಿಟಿಯ ಹಿಂದಿನ ದಿನ. ವಿಡಿಯೊಗೆ ನಾನೇ ಹಾರ ಹಾಕಿ ಕರೆತಂದಂತೆ.

ಉಳಿದವರ ಪೂರ್ಣ ಅಂಕ? ಅವರು ನಕಲು ಮಾಡಿದ್ದು ನನ್ನನ್ನೇ. ಇರಲಿ.

ಒಂಬತ್ತಕ್ಕೆ ಹೋಗುವುದು. ಸಹಿ ಕೇಳುವ ಮೊದಲು ಎಚ್.ಒ.ಡಿ.ಯವರನ್ನೂ ಒಮ್ಮೆ ನಡೆಸುವುದು, ಲೈಬ್ರರಿ ಬಾಗಿಲಿನಿಂದ. ಚೀಲ ಮಾತ್ರ ಮರೆಯದೆ ಹೆಗಲಿಗೆ —