ಗೋಡೆಯೊಳಗಿನ ಬಾಗಿಲು

ಅಣ್ಣಾ,

ಕಳಿಸೋಣವೆಂದರೆ ನಿನ್ನ ವಿಳಾಸ ನನ್ನ ಹತ್ತಿರವಿಲ್ಲ. ಆದರೂ ಬರೆಯುತ್ತಿದ್ದೇನೆ. ಇವತ್ತು ಚರ್ಚಿನ ಗೋಡೆಯಲ್ಲಿ ನೀನು ಹೇಳುತ್ತಿದ್ದ ಬಾಗಿಲು ಸಿಕ್ಕಿತು.

ಪಾಪನಿವೇದನೆಯ ಗೂಡಿನ ಹಿಂದಿನ ಗೋಡೆ ನೆನಪಿದೆಯಲ್ಲ? ನಾವಿಬ್ಬರೂ ಎಷ್ಟು ಸಲ ಗಾರೆ ಮೆತ್ತಿದರೂ ವರ್ಷ ತುಂಬುವುದರೊಳಗೆ ಅದೇ ಬಿರುಕು, ಅದೇ ಬಿಲ್ಲಿನ ಆಕಾರದಲ್ಲಿ ಬಾಯಿ ಬಿಡುತ್ತಿತ್ತು.

"ಒಳಗೆ ಕಮಾನು ಇದೆ ಕಣೋ, ಒಂದ್ಸಲ ಒಡೆದು ನೋಡೋಣ" ಅನ್ನುತ್ತಿದ್ದೆ ನೀನು.

"ಮೊದಲು ಗಾರೆ ಕಲೆಸು, ಕನಸು ಆಮೇಲೆ ಕಾಣು" ಅನ್ನುತ್ತಿದ್ದೆ ನಾನು.

ಇವತ್ತು ತೇವ ಹಿಡಿದ ಗಾರೆಯನ್ನು ಕೆರೆಯುತ್ತಿದ್ದಾಗ ಕಲ್ಲಿನ ಕಮಾನು ಇಡಿಯಾಗಿ ಕಾಣಿಸಿಕೊಂಡಿತು. ಅದರೊಳಗೆ ತುಂಬಿದ್ದು ಬರೀ ಇಟ್ಟಿಗೆ. ಕೆಳಗಿನ ಸಾಲು ಬಿಚ್ಚಿದರೆ ಹೊಸ್ತಿಲು! ನಡುವೆ ಸವೆದು ತಗ್ಗಾಗಿದೆ. ಅಂಗೈ ಇಟ್ಟರೆ ಸರಿಯಾಗಿ ಕೂರುತ್ತದೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

ಫಾದರ್ ಓಡಿ ಬಂದರು. "ಮುಂದಿನ ಗೋಪುರ, ಅದರ ಕೆಳಗಿನ ಬಾಗಿಲು ಕಟ್ಟೋಕೆ ಮೊದಲು ಜನ ಇಲ್ಲಿಂದಾನೇ ಬರ್ತಿದ್ರು ಅನ್ಸುತ್ತೆ. ಆದ್ರೆ ಆ ಬಿರುಕು ಯಾಕೆ ಬರ್ತಿತ್ತು?"

ಕಲ್ಲು ಬೇರೆ, ಇಟ್ಟಿಗೆ ಬೇರೆ, ಎರಡೂ ಒಂದೇ ಥರ ಅಲುಗುವುದಿಲ್ಲ, ಮೇಲೆ ಎಷ್ಟು ಮೆತ್ತಿದರೂ ಸೇರುವ ಜಾಗ ಬಿಟ್ಟುಕೊಳ್ಳುತ್ತದೆ ಎಂದು ನಿನ್ನ ಮಾತನ್ನೇ ಒಪ್ಪಿಸಿದೆ.

"ಇದನ್ನೆಲ್ಲ ಯಾರು ಹೇಳಿಕೊಟ್ರು ನಿಮಗೆ?"

"ನಮ್ಮಣ್ಣ."

ಫಾದರ್ ನನ್ನನ್ನೇ ನೋಡಿದರು. ಅವರು ಇಲ್ಲಿಗೆ ಬಂದಾಗಿನಿಂದ, ಇಷ್ಟೂ ವರ್ಷ, ನಾನು ಅವರ ಕೈಕೆಳಗೇ ದುಡಿಯುತ್ತಿದ್ದೇನೆ.

"ನಿಮಗೆ ಅಣ್ಣ ಇದಾರಾ?" ಎಂದರು.

ನಿನ್ನ ತಮ್ಮ